ಮರೀನ್ ಪಡೆಗೂ ಭೂಸೇನೆಗೂ ಏನು ವ್ಯತ್ಯಾಸ?

ಪ್ರಶ್ನೆ: ಅಮೆರಿಕದ ಮರೀನ್‌ಗಳು, ಬ್ರಿಟನ್ನಿನ ರಾಯಲ್ ಮರೀನ್‌ಗಳು ಎಂದು ಸುದ್ದಿಯಲ್ಲಿ ಓದುತ್ತಿರುತ್ತೇನೆ. ಇವರು ನೌಕಾಪಡೆಯವರೋ, ಭೂಸೇನೆಯವರೋ, ಕಮಾಂಡೋಗಳೋ? ಅಷ್ಟು ದೊಡ್ಡ ಸೇನೆ ಇಟ್ಟುಕೊಂಡು ಇವರನ್ನು ಬೇರೆಯಾಗಿ ಸಾಕುವುದೇಕೆ? ನಮ್ಮ ಕಾರವಾರದ ನೌಕಾನೆಲೆಯಲ್ಲಿರುವವರೂ ಮರೀನ್‌ಗಳೇನಾ? ಪಿಯುಸಿ ಓದುತ್ತಿರುವ ಮಗ ಮರೀನ್ ಸೇರಬೇಕು ಎನ್ನುತ್ತಿದ್ದಾನೆ. (ಓದುಗರೊಬ್ಬರು, ಉತ್ತರ ಕನ್ನಡ)

ಉತ್ತರ: ಮೊದಲು ಎರಡು ತಪ್ಪು ತಿಳಿವಳಿಕೆಗಳನ್ನು ಬಿಡಿಸಿಕೊಳ್ಳೋಣ. ಒಂದು, ಮರೀನ್‌ಗಳೆಲ್ಲ ಕಮಾಂಡೋಗಳು ಎಂಬುದು. ಅಮೆರಿಕದ ಮರೀನ್ ಕೋರ್‌ನಲ್ಲಿ ಸುಮಾರು 1,70,000 ಮಂದಿ ಇದ್ದಾರೆ. ಕಾಲಾಳುಗಳ ಜೊತೆಗೆ ಪೈಲಟ್‌ಗಳು, ಲಾರಿ ಚಾಲಕರು, ಮೆಕ್ಯಾನಿಕ್‌ಗಳು, ಅಡುಗೆಯವರು, ಗುಮಾಸ್ತರು ಎಲ್ಲರೂ ಈ ಲೆಕ್ಕದಲ್ಲಿ ಸೇರಿದ್ದಾರೆ. ಇಷ್ಟು ಜನರನ್ನು ಕಮಾಂಡೋ ಪಡೆ ಎನ್ನಲಾಗದು. ಆ ಕೆಲಸಕ್ಕೆ ಅವರೊಳಗೇ ಸಣ್ಣ ತುಕಡಿಗಳು ಬೇರೆ ಇವೆ. ಎರಡನೆಯದು, ಕಡಲಿನಿಂದ ದಡಕ್ಕೆ ಇಳಿದು ಕಾದುವುದು ಮರೀನ್‌ಗಳಿಗೆ ಮಾತ್ರ ಸೇರಿದ ಕೆಲಸ ಎಂಬ ನಂಬಿಕೆ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಅಮೆರಿಕದ ಪಾಲಿಗೆ ಬಂದ ಒಮಾಹಾ, ಯೂಟಾ ದಡಗಳಲ್ಲಿ ಇಳಿದದ್ದು ಭೂಸೇನೆಯ ಡಿವಿಷನ್‌ಗಳು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? ಶೌರ್ಯದಲ್ಲಿ ಅಲ್ಲ, ಸಮವಸ್ತ್ರದಲ್ಲಂತೂ ಅಲ್ಲ. ಭೂಸೇನೆಯನ್ನು ಕಟ್ಟುವುದು ಒಂದು ನೆಲದಲ್ಲಿ ತಿಂಗಳು, ವರ್ಷಗಟ್ಟಲೆ ನಿಂತು ಹೋರಾಡಲು. ಮರೀನ್ ಪಡೆಯನ್ನು ಕಟ್ಟುವುದು ಹಡಗಿನೊಳಗೆ ಹಿಡಿಸುವಂತೆ, ಹಡಗಿನಲ್ಲೇ ತಿಂಗಳುಗಟ್ಟಲೆ ಇರುವಂತೆ, ಇಳಿದ ಮೊದಲ ಗಂಟೆಯಿಂದ ಇಷ್ಟು ದಿನ ಎಂದು ಲೆಕ್ಕ ಹಾಕಿದಷ್ಟು ಕಾಲ ಯಾರ ನೆರವೂ ಇಲ್ಲದೆ ನಡೆಯುವಂತೆ. ತುಕಡಿಯ ಗಾತ್ರ, ಆಯುಧದ ತೂಕ, ವಿಮಾನದ ಬಗೆ, ತರಬೇತಿ ಎಲ್ಲವೂ ಈ ಒಂದು ಹಡಗಿನ ಲೆಕ್ಕದಿಂದಲೇ ಬರುತ್ತವೆ.

ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬ ಹಟದ ಹಿಂದೆ ಅನುಭವವಿದೆ. 1942ರ ಆಗಸ್ಟ್ 7ರಂದು ಮರೀನ್‌ಗಳು ಪೆಸಿಫಿಕ್‌ನ ಗ್ವಾಡಲ್‌ಕೆನಾಲ್ ದ್ವೀಪದಲ್ಲಿ ಇಳಿದರು. ಎರಡೇ ದಿನದಲ್ಲಿ ಜಪಾನೀ ದಾಳಿಯ ಭೀತಿಗೆ ನೌಕಾಪಡೆಯ ವಿಮಾನವಾಹಕಗಳು ಹಿಂದೆ ಸರಿದವು. ಸಾಮಾನಿನ ಹಡಗುಗಳೂ ಪೂರ್ತಿ ಇಳಿಸದೆಯೇ ಹೊರಟವು. ದಡದಲ್ಲಿದ್ದವರಿಗೆ ದಿನಕ್ಕೆ ಎರಡೇ ಊಟ. ಆಗಸ್ಟ್ 20ಕ್ಕೆ ಆ ದ್ವೀಪದ ಹೆಂಡರ್‌ಸನ್ ವಿಮಾನ ಪಟ್ಟಿಗೆ ತಮ್ಮದೇ ವಿಮಾನಗಳು ಬಂದಿಳಿದ ಮೇಲಷ್ಟೇ ಅವರಿಗೆ ತಲೆಯ ಮೇಲೆ ರಕ್ಷಣೆ ಎಂಬುದು ಸಿಕ್ಕಿತು. ಅಮೆರಿಕದ ಮರೀನ್‌ಗಳು ಇವತ್ತಿಗೂ ತಮ್ಮ ಯುದ್ಧವಿಮಾನಗಳನ್ನು ಬೇರೆಯವರ ಕೈಗೆ ಕೊಡಲು ಒಪ್ಪದಿರುವುದಕ್ಕೆ ಬೇರೂರಿದ ಕಾರಣಗಳಲ್ಲಿ ಇದೊಂದು. ಇನ್ನೊಂದು ಕಾರಣ ತೀರ ಪ್ರಾಯೋಗಿಕ: ದಡಕ್ಕೆ ಇಳಿದ ಮೊದಲ ಗಂಟೆಗಳಲ್ಲಿ ಭಾರಿ ಫಿರಂಗಿಗಳು ಇನ್ನೂ ಹಡಗಿನಲ್ಲೇ ಇರುತ್ತವೆ. ಆ ಹೊತ್ತಿನಲ್ಲಿ ಹಡಗಿನ ತೋಪುಗಳ ಜೊತೆಗೆ ವಿಮಾನವೇ ಫಿರಂಗಿ. ನೇರ ಕೆಳಗಿಳಿಯಬಲ್ಲ ಎಫ್-35ಬಿ ವಿಮಾನವನ್ನು ಅವರು ಪಟ್ಟು ಹಿಡಿದು ಮಾಡಿಸಿಕೊಂಡದ್ದು ಇದಕ್ಕೇ; ಅದಕ್ಕೆ ಉದ್ದನೆಯ ರನ್‌ವೇ ಬೇಡ, ದಾಳಿ ಹಡಗಿನ ಅಟ್ಟದಿಂದಲೇ ಏರಿಳಿಯುತ್ತದೆ.

ಈ ಪಡೆಯ ಮೂಲ ಅಚ್ಚನ್ನು ಒಂದು ಘಟಕದಲ್ಲೇ ನೋಡಬಹುದು. ಮರೀನ್ ಎಕ್ಸ್‌ಪೆಡಿಷನರಿ ಯೂನಿಟ್ ಎಂಬುದರಲ್ಲಿ ಸುಮಾರು 2,200 ಮಂದಿ. ಒಬ್ಬ ಕರ್ನಲ್ ಕೈಕೆಳಗೆ ನಾಲ್ಕು ಭಾಗ: ಕಮಾಂಡ್ ಕಚೇರಿ; ಫಿರಂಗಿ, ಎಂಜಿನಿಯರ್, ಕವಚ ವಾಹನ ಸೇರಿಸಿದ ಒಂದು ಕಾಲಾಳು ಬೆಟಾಲಿಯನ್; ಹೆಲಿಕಾಪ್ಟರ್, ಹೆಲಿಕಾಪ್ಟರಿನಂತೆ ಏರಿ ವಿಮಾನದಂತೆ ಹಾರುವ ಆಸ್ಪ್ರೆ, ಜೆಟ್ ಎಲ್ಲ ಕೂಡಿದ ಒಂದು ವಿಮಾನ ಸ್ಕ್ವಾಡ್ರನ್; ಪೂರೈಕೆ ನೋಡಿಕೊಳ್ಳುವ ಒಂದು ಬೆಟಾಲಿಯನ್. ಇವರೆಲ್ಲ ಸಾಮಾನ್ಯವಾಗಿ ಮೂರು ಹಡಗುಗಳಲ್ಲಿ ಹಂಚಿಕೊಂಡು ಸಾಗುತ್ತಾರೆ. ಊಟ, ನೀರು, ಇಂಧನ, ಮದ್ದುಗುಂಡು ಎಲ್ಲ 15 ದಿನಕ್ಕೆ ಸಾಕಾಗುವಷ್ಟು ಜೊತೆಗಿರುತ್ತದೆ. ಇದೇ ಅಚ್ಚನ್ನು ಬ್ರಿಗೇಡ್ ಮಟ್ಟಕ್ಕೆ ಹಿಗ್ಗಿಸಿದರೆ ದಾಸ್ತಾನು 30 ದಿನಕ್ಕೆ, ಅದಕ್ಕೂ ದೊಡ್ಡ ಎಕ್ಸ್‌ಪೆಡಿಷನರಿ ಫೋರ್ಸ್ ಮಟ್ಟದಲ್ಲಿ 60 ದಿನಕ್ಕೆ. ಭೂಸೇನೆಯ ಒಂದು ಕಾಲಾಳು ಬೆಟಾಲಿಯನ್ನಿನ ಅಧಿಕಾರಿ ಜೆಟ್ ವಿಮಾನ ಬೇಕೆಂದರೆ ಇನ್ನೊಂದು ಸೇನೆಯನ್ನು ಕೇಳಬೇಕು. ಮರೀನ್ ಕರ್ನಲ್‌ನ ಕೈಯಲ್ಲಿ ಅದು ಮೊದಲೇ ಇರುತ್ತದೆ. ಆದರೆ ಅವನ ಹತ್ತಿರ ಇಲ್ಲದ್ದೂ ಇದೆ. ಅಮೆರಿಕದ ಮರೀನ್‌ಗಳಿಗೆ ಸ್ವಂತ ವೈದ್ಯರಿಲ್ಲ. ಗಾಯಾಳುವಿನ ಬಳಿ ಗುಂಡಿನ ಮಳೆಯಲ್ಲಿ ಓಡುವ ವೈದ್ಯಕೀಯ ಸಹಾಯಕ ನೌಕಾಪಡೆಯವನು. ಪಾದ್ರಿಯೂ ಅಲ್ಲಿಂದಲೇ ಬರುತ್ತಾನೆ.

ಇನ್ನು ತೂಕದ ವಿಷಯ. ಹಡಗಿನಿಂದ ದಡಕ್ಕೆ ಭಾರ ಸಾಗಿಸುವ ಮುಖ್ಯ ಸಾಧನ ಎಲ್‌ಸಿಎಸಿ ಎಂಬ ಗಾಳಿದಿಂಬಿನ ಹೋವರ್‌ಕ್ರಾಫ್ಟ್. ಸುಮಾರು 60 ಟನ್ ಹೊತ್ತು ಗಂಟೆಗೆ 70 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ನೀರಿನಿಂದ ನೇರ ಮರಳಿನ ಮೇಲಕ್ಕೆ ಬರುತ್ತದೆ. ಒಂದು ಅಬ್ರಾಮ್ಸ್ ಟ್ಯಾಂಕ್ ಹತ್ತಿದರೆ ಅದರ ಹೊರೆ ಮುಗಿಯಿತು. ಅದೇ ಸುತ್ತಿನಲ್ಲಿ ಹಲವು ಹಗುರ ವಾಹನಗಳನ್ನು ಒಯ್ಯಬಹುದಿತ್ತು. ಹಾಗಾಗಿ ಒಂದು ಟ್ಯಾಂಕ್ ತರುವುದೆಂದರೆ ಬೇರೇನನ್ನೋ ಬಿಟ್ಟು ಬರುವುದು. 2020ರಲ್ಲಿ ಅಂದಿನ ಮುಖ್ಯಸ್ಥ ಜನರಲ್ ಡೇವಿಡ್ ಬರ್ಜರ್ ಮರೀನ್‌ಗಳ ಟ್ಯಾಂಕ್ ಬೆಟಾಲಿಯನ್‌ಗಳನ್ನೇ ವಿಸರ್ಜಿಸಿದರು, ಫಿರಂಗಿ ಬ್ಯಾಟರಿಗಳನ್ನು ಬಹಳ ಕಡಿಮೆ ಮಾಡಿದರು. ಬದಲಿಗೆ ದ್ವೀಪಗಳಲ್ಲಿ ಸಣ್ಣ ಗುಂಪುಗಳಾಗಿ ಚದುರಿ ನಿಂತು ಶತ್ರು ಹಡಗುಗಳಿಗೆ ಕ್ಷಿಪಣಿ ಹೊಡೆಯುವ ಹೊಸ ರೆಜಿಮೆಂಟ್‌ಗಳನ್ನು ಕಟ್ಟಲು ಹೊರಟರು. ಮೊದಲನೆಯದು 2022ರಲ್ಲಿ ಹವಾಯಿಯಲ್ಲಿ ರೂಪುಗೊಂಡಿತು. ನಿವೃತ್ತ ಮರೀನ್ ಜನರಲ್‌ಗಳಲ್ಲೇ ಅನೇಕರು ಇದನ್ನು ಬಹಿರಂಗವಾಗಿ ವಿರೋಧಿಸಿದರು. ಹಡಗಿನ ತೂಕದ ಲೆಕ್ಕ ಹಾಕಿದರೆ ಟ್ಯಾಂಕ್ ಬಿಟ್ಟ ನಿರ್ಧಾರ ನನಗೆ ಸರಿ ಎನಿಸುತ್ತದೆ. ಫಿರಂಗಿಯನ್ನು ಅಷ್ಟೊಂದು ಕತ್ತರಿಸಿದ್ದು ಸರಿಯೇ ಎಂಬುದು, ಉಕ್ರೇನ್ ಯುದ್ಧದಲ್ಲಿ ಫಿರಂಗಿ ಮಾಡಿದ ಕೆಲಸ ನೋಡಿದ ಮೇಲೆ, ಇನ್ನೂ ಇತ್ಯರ್ಥವಾಗದ ಪ್ರಶ್ನೆ.

ಹಡಗಿಗೆ ಸಾಮಾನು ತುಂಬುವುದೇ ಒಂದು ವಿದ್ಯೆ. ಸರಕು ಹಡಗಿನಲ್ಲಿ ಜಾಗ ಹಾಳಾಗದಂತೆ ಒತ್ತೊತ್ತಿ ತುಂಬುತ್ತಾರೆ. ದಾಳಿ ಹಡಗಿನಲ್ಲಿ ಜಾಗ ಖಾಲಿ ಉಳಿದರೂ ಸರಿ, ದಡದಲ್ಲಿ ಮೊದಲು ಬೇಕಾದದ್ದು ಕೊನೆಗೆ ಹತ್ತಬೇಕು. ವಾಹನಗಳ ಮೂತಿ ಬಾಗಿಲ ಕಡೆಗಿರಬೇಕು, ಸರಪಳಿ ಬಿಚ್ಚಿದ ಕೂಡಲೇ ಮುಂದಕ್ಕೇ ಹೊರಡುವಂತೆ. ರೇಡಿಯೊ ಸೆಟ್ಟುಗಳೆಲ್ಲ ಒಂದೇ ಹಡಗಿನಲ್ಲಿ ಇರಕೂಡದು. ಆ ಹಡಗು ಮುಳುಗಿದರೆ ಇಡೀ ಪಡೆ ಕಿವುಡಾಗುತ್ತದೆ. ಗುಂಡು ಒಂದು ಹಡಗಿನಲ್ಲಿ, ಅದನ್ನು ಹಾರಿಸುವ ಮಾರ್ಟರ್ ಇನ್ನೊಂದರಲ್ಲಿ ಆದರೆ ಎರಡೂ ವ್ಯರ್ಥ.

ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲ್ಯಾಂಡ್ಸ್ ದ್ವೀಪಗಳಿಗಾಗಿ ನಡೆದ 1982ರ ಯುದ್ಧ ಇದನ್ನು ಚೆನ್ನಾಗಿ ತೋರಿಸುತ್ತದೆ. ಬ್ರಿಟನ್ನಿನ ವಶದಲ್ಲಿದ್ದ ಆ ದ್ವೀಪಗಳನ್ನು ಅರ್ಜೆಂಟೀನಾ ಹಿಡಿದದ್ದು ಏಪ್ರಿಲ್ 2ಕ್ಕೆ. ಬ್ರಿಟನ್ನಿನ ಹಡಗುಗಳು ಹೊರಡತೊಡಗಿದ್ದು 5ಕ್ಕೆ. ಕೈಗೆ ಸಿಕ್ಕಿದ್ದನ್ನು ಸಿಕ್ಕಿದ ಹಡಗಿಗೆ ತುರುಕಿದ್ದರಿಂದ ದಾರಿಯಲ್ಲಿ ಅಸೆನ್ಷನ್ ದ್ವೀಪದ ಬಳಿ ಲಂಗರು ಹಾಕಿ ಹಡಗಿನಿಂದ ಹಡಗಿಗೆ ಎಲ್ಲವನ್ನೂ ಮರುಹೊಂದಿಸಬೇಕಾಯಿತು. ಮೇ 21ರಂದು ಸ್ಯಾನ್ ಕಾರ್ಲೋಸ್‌ನಲ್ಲಿ ಇಳಿದಾಯಿತು. ಮೇ 25ರಂದು ಅಟ್ಲಾಂಟಿಕ್ ಕನ್ವೇಯರ್ ಹಡಗಿಗೆ ಕ್ಷಿಪಣಿ ಬಡಿದು ಅದರಲ್ಲಿದ್ದ ಮೂರು ಚಿನೂಕ್ ಹೆಲಿಕಾಪ್ಟರ್‌ಗಳು ಸುಟ್ಟುಹೋದವು. ಆಮೇಲೆ ರಾಯಲ್ ಮರೀನ್‌ಗಳ 45 ಕಮಾಂಡೋ ಘಟಕ ಸುಮಾರು 36 ಕಿಲೋ ಹೊರೆ ಹೊತ್ತು ಜೌಗು ನೆಲದಲ್ಲಿ ಮೂರು ದಿನ, 90 ಕಿ.ಮೀ. ನಡೆದೇ ಹೋಯಿತು. ಅದೇ ಯುದ್ಧದಲ್ಲಿ ಜೂನ್ 8ರಂದು ಸರ್ ಗಲಹಾಡ್ ಹಡಗು ಫಿಟ್ಜ್‌ರಾಯ್ ಬಳಿ ಹಾಡಹಗಲಲ್ಲಿ ನಿಂತಿತ್ತು. ಭೂಸೇನೆಯ ವೆಲ್ಶ್ ಗಾರ್ಡ್ಸ್ ಯೋಧರು ಇಳಿಯದೆ ಗಂಟೆಗಟ್ಟಲೆ ಅದರಲ್ಲೇ ಉಳಿದಿದ್ದರು. ವಿಮಾನ ದಾಳಿಯಲ್ಲಿ 48 ಮಂದಿ ಸತ್ತರು, ಅವರಲ್ಲಿ 32 ಮಂದಿ ವೆಲ್ಶ್ ಗಾರ್ಡ್ಸ್. ತಪ್ಪನ್ನು ಆ ಯೋಧರ ತಲೆಗೆ ಕಟ್ಟುವುದು ಅನ್ಯಾಯ. ದೋಣಿಗಳು ಸಾಲದಿದ್ದವು, ಆದೇಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಆದರೆ ದಡದ ಬಳಿ ನಿಂತ ಹಡಗಿನಲ್ಲಿ ಒಂದು ನಿಮಿಷ ಹೆಚ್ಚು ಇರುವುದೂ ಅಪಾಯ ಎಂಬ ಅರಿವು ವರ್ಷಗಟ್ಟಲೆ ಹಡಗಿನ ಜೊತೆ ಒಡನಾಡಿದವರಿಗೆ ಮೈಗತವಾಗಿರುತ್ತದೆ, ಉಳಿದವರಿಗೆ ಇರುವುದಿಲ್ಲ.

ನೀವು ಕರಾವಳಿಯವರು, ಆದ್ದರಿಂದ ದಡದ ವಿಷಯ ನಿಮಗೆ ಸುಲಭವಾಗಿ ಅರ್ಥವಾಗುತ್ತದೆ. ಅಳಿವೆಯ ಬಾಯಲ್ಲಿ ಮರಳು ದಿಬ್ಬ ಕಟ್ಟಿ ಮೀನುಗಾರಿಕೆ ದೋಣಿಗಳು ಮಗುಚುವುದನ್ನು ಕಂಡಿರುತ್ತೀರಿ. ದಡಕ್ಕೆ ಮೂತಿಯಿಡುವ ಹಡಗಿಗೂ ದೊಡ್ಡ ಶತ್ರು ಅದೇ. ಅನೇಕ ದಡಗಳಲ್ಲಿ ತೀರಕ್ಕೆ ಸ್ವಲ್ಪ ದೂರದಲ್ಲಿ ನೀರಿನಡಿ ಮರಳಿನ ಏರಿ ಇರುತ್ತದೆ. ಅದರಾಚೆ, ದಡದ ಕಡೆಗೆ, ಆಳುದ್ದದ ತಗ್ಗು. ಹಡಗು ಏರಿಗೆ ತಾಗಿ ನಿಂತಾಗ ದಡ ಸಿಕ್ಕಿತು ಎಂದುಕೊಂಡು ಬಾಗಿಲು ತೆರೆದರೆ, ಮೈತುಂಬ ಹೊರೆ ಹೊತ್ತ ಸೈನಿಕ ನೇರ ಆ ತಗ್ಗಿಗೆ ಇಳಿಯುತ್ತಾನೆ.

1971ರ ಡಿಸೆಂಬರ್‌ನಲ್ಲಿ, ಬಾಂಗ್ಲಾ ಯುದ್ಧದ ವೇಳೆ, ಅಲ್ಲಿನ ಕರಾವಳಿಯ ಕಾಕ್ಸ್ ಬಜಾರ್‌ನಲ್ಲಿ ನಮ್ಮವರಿಗೆ ಆದದ್ದು ಇದೇ. ಪಾಕಿಸ್ತಾನಿ ಸೈನಿಕರು ಬರ್ಮಾ ಕಡೆಗೆ ತಪ್ಪಿಸಿಕೊಳ್ಳದಂತೆ ದಾರಿ ಕಟ್ಟಲು ಗೂರ್ಖಾ ಬೆಟಾಲಿಯನ್ನೊಂದನ್ನು ಸರಕು ಹಡಗಿನಲ್ಲಿ ಕರೆದೊಯ್ದು, ಕಡಲಲ್ಲೇ ಐಎನ್‌ಎಸ್ ಘಡಿಯಾಲ್ ಮತ್ತು ಗುಲ್ದಾರ್ ಎಂಬ, ದಡಕ್ಕೇ ಮೂತಿಯಿಟ್ಟು ಸೈನಿಕರನ್ನು ಇಳಿಸುವ ಇಳಿದಾಣದ ಹಡಗುಗಳಿಗೆ ಹತ್ತಿಸಿದರು. ಬೆಟ್ಟದ ಯುದ್ಧದಲ್ಲಿ ಅವರನ್ನು ಮೀರಿಸುವವರಿಲ್ಲ. ಕಡಲಿನಿಂದ ಇಳಿಯುವ ತಾಲೀಮು ಮಾತ್ರ ಆಗಿರಲಿಲ್ಲ. ದಡದ ಇಳಿಜಾರು, ನೀರಿನ ಆಳದ ಸರಿಯಾದ ಅಳತೆಯೂ ಕೈಯಲ್ಲಿರಲಿಲ್ಲ. ಮೊದಲು ನೀರಿಗೆ ಇಳಿದವರಲ್ಲಿ ಕೆಲವರು ಮುಳುಗಿ ಪ್ರಾಣ ಬಿಟ್ಟರು. ಇಳಿಯುವುದನ್ನು ನಿಲ್ಲಿಸಿ, ಆಮೇಲೆ ಸ್ಥಳೀಯ ದೋಣಿಗಳನ್ನು ತರಿಸಿ ಉಳಿದವರನ್ನು ದಡ ಸೇರಿಸಬೇಕಾಯಿತು. ದಡದಲ್ಲಿ ಶತ್ರುವೇ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇಂಥದ್ದು ಆಗದಂತೆ ಮಾಡಬೇಕಾದ ಕೆಲಸ ದಾಳಿಗೆ ಬಹಳ ಮೊದಲೇ ಶುರುವಾಗುತ್ತದೆ. ರಾತ್ರಿ ಈಜಿ ಬರುವ ಸಣ್ಣ ತಂಡ ತುದಿಗೆ ತೂಕದ ಗುಂಡು ಕಟ್ಟಿದ ಹಗ್ಗ ಬಿಟ್ಟು ಆಳ ಅಳೆಯುತ್ತದೆ, ಮರಳು ವಾಹನ ತಾಳುತ್ತದೆಯೇ ಎಂದು ಮಾದರಿ ತೆಗೆಯುತ್ತದೆ, ನೀರಿನಡಿಯ ತಡೆಗಳನ್ನು ಗುರುತಿಸುತ್ತದೆ. ಇಳಿಜಾರು ತೀರ ಮಂದವಾಗಿದ್ದರೆ ಹಡಗು ದೂರದಲ್ಲೇ ತಳ ಕಚ್ಚುತ್ತದೆ, ಸೈನಿಕರು ನೂರಾರು ಅಡಿ ನೀರಲ್ಲಿ ನಡೆಯಬೇಕು. ದಡಕ್ಕೆ ನುಗ್ಗುವ ಮುನ್ನ ಹಡಗು ಹಿಂಬದಿಯ ಲಂಗರನ್ನು ಕಡಲಿಗೆ ಬಿಟ್ಟೇ ಬರುತ್ತದೆ. ವಾಪಸು ಹೋಗುವಾಗ ಆ ಸರಪಳಿಯನ್ನು ಸುತ್ತಿಕೊಂಡೇ ತನ್ನನ್ನು ಹಿಂದಕ್ಕೆ ಎಳೆದುಕೊಳ್ಳಬೇಕು; ಅದಿಲ್ಲದಿದ್ದರೆ ಅಲೆ ಹಡಗನ್ನು ಅಡ್ಡಕ್ಕೆ ತಿರುಗಿಸಿ ಮರಳಿಗೆ ಎಸೆಯುತ್ತದೆ. ನೀರಲ್ಲಿ ಹಾದು ಬರುವ ಲಾರಿ, ಜೀಪುಗಳಿಗೆ ಗಾಳಿ ಎಳೆಯುವ ಕೊಳವೆ, ಹೊಗೆ ಕೊಳವೆಗಳನ್ನು ಮೇಲಕ್ಕೆ ಏರಿಸಿ, ವಿದ್ಯುತ್ ಭಾಗಗಳನ್ನು ಗ್ರೀಸ್ ಮೆತ್ತಿ ಮುಚ್ಚುತ್ತಾರೆ. ದಡ ಸೇರಿದ ಮೇಲೆ ಈ ಮುಚ್ಚಳಿಕೆ ಬೇಗ ಬಿಚ್ಚದಿದ್ದರೆ ಎಂಜಿನ್ ಕಾದು ನಿಲ್ಲುತ್ತದೆ. ಮರಳಲ್ಲಿ ಮೊದಲ ಹತ್ತು ಲಾರಿ ಸಾಗಿದ ಮೇಲೆ ಹನ್ನೊಂದನೆಯದು ಹೂತುಕೊಳ್ಳುವುದು ಖಚಿತ. ಅದಕ್ಕೇ ಲೋಹದ ಹಾಸು ಬಿಚ್ಚುವ ಎಂಜಿನಿಯರ್‌ಗಳು ಮೊದಲ ಸುತ್ತುಗಳಲ್ಲೇ ಇಳಿಯಬೇಕು.

ಉಬ್ಬರ ಇಳಿತದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎನ್ನುವುದಕ್ಕೆ 1943ರ ನವೆಂಬರ್ 20ರಂದು ಪೆಸಿಫಿಕ್‌ನ ತರಾವಾ ದ್ವೀಪದ ಮೇಲೆ ಮರೀನ್‌ಗಳು ನಡೆಸಿದ ದಾಳಿ ಸಾಕ್ಷಿ. ಅದು ಕೃಷ್ಣಪಕ್ಷದ ಅಷ್ಟಮಿಯ ಆಸುಪಾಸು, ಉಬ್ಬರ ಮಂದವಾಗಿರುವ ಕಾಲ. ದೋಣಿಗಳಿಗೆ ಹವಳದ ದಿಬ್ಬದ ಮೇಲೆ ನಾಲ್ಕು ಅಡಿ ನೀರು ಬೇಕಿತ್ತು, ಅಷ್ಟು ಏರಲೇ ಇಲ್ಲ. ಚಕ್ರಪಟ್ಟಿಯ ಉಭಯಚರ ವಾಹನಗಳು ದಿಬ್ಬ ಹತ್ತಿ ದಾಟಿದವು, ದೋಣಿಗಳು ಸಿಕ್ಕಿಕೊಂಡವು. ಮರೀನ್‌ಗಳು ಐನೂರು ಗಜಕ್ಕೂ ಹೆಚ್ಚು ದೂರ ಎದೆಮಟ್ಟದ ನೀರಲ್ಲಿ ಮಷಿನ್‌ಗನ್‌ಗಳಿಗೆ ಎದೆಯೊಡ್ಡಿ ನಡೆದರು. ಮೂರೇ ದಿನದಲ್ಲಿ ಸುಮಾರು ಸಾವಿರ ಮಂದಿ ಅಮೆರಿಕನ್ನರು ಸತ್ತರು. ಆಮೇಲಿನ ದಾಳಿಗಳಿಗೆ ಉಭಯಚರ ವಾಹನಗಳ ಸಂಖ್ಯೆ ಏರಿಸಿದ್ದು, ನೀರಿನಡಿಯನ್ನು ಮೊದಲೇ ನೋಡಿ ಬರುವ ಈಜು ತಂಡಗಳನ್ನು ಕಟ್ಟಿದ್ದು ಈ ಸಾವುಗಳ ಪಾಠದಿಂದ.

ತರಬೇತಿಯ ವ್ಯತ್ಯಾಸವೂ ಇಲ್ಲಿಂದಲೇ ಹುಟ್ಟುತ್ತದೆ. ಅಮೆರಿಕದ ಮರೀನ್ ಮೂಲ ತರಬೇತಿ 13 ವಾರ, ಭೂಸೇನೆಯದು 10. ಮುಂದೆ ಅಡುಗೆಮನೆಗೆ ಹೋಗುವವನಿರಲಿ, ಕಂಪ್ಯೂಟರ್ ಮುಂದೆ ಕೂರುವವನಿರಲಿ, ಪ್ರತಿಯೊಬ್ಬ ಮರೀನ್ ಮೊದಲು ರೈಫಲ್ ಹಿಡಿದ ಕಾಲಾಳು. ದಡದಲ್ಲಿ ಜನ ಕಡಿಮೆ, ಹಿಂದೆ ಕಡಲು. ಗುಂಡು ಹಾರಿಸಲು ಬಾರದವನನ್ನು ಅಲ್ಲಿ ಸಾಕಲಾಗದು. ಕಾಲಾಳುಗಳ ಸಣ್ಣ ತುಕಡಿಯಾದ ಸೆಕ್ಷನ್ನಿನ ಗಾತ್ರವೂ ಬೇರೆ: ಮರೀನ್‌ಗಳದು 13 ಮಂದಿ, ಅಮೆರಿಕದ ಭೂಸೇನೆಯದು 9. ಮೊದಲ ಗಂಟೆಯಲ್ಲೇ ನಾಲ್ಕೈದು ಮಂದಿ ಬಿದ್ದರೂ ಸೆಕ್ಷನ್ ಉಳಿಯಬೇಕೆಂಬ ಲೆಕ್ಕ ಅದು.

ಜೊತೆಗೆ ನೀರಿನ ತರಬೇತಿ ಬೇಕೇ ಬೇಕು. ಕೊಠಡಿಯಂಥ ಮಾದರಿ ವಾಹನವನ್ನು ಕೊಳದಲ್ಲಿ ಮುಳುಗಿಸಿ, ತಲೆಕೆಳಗು ಮಾಡಿ, ಬೆಲ್ಟ್ ಬಿಚ್ಚಿಕೊಂಡು ಹೊರಬರುವುದನ್ನು ಕಲಿಸುತ್ತಾರೆ. ಇದನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು 2020ರ ಜುಲೈ 30ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲಿಮೆಂಟೆ ದ್ವೀಪದ ಬಳಿ ಗೊತ್ತಾಯಿತು. ತಾಲೀಮು ಮುಗಿಸಿ ಹಡಗಿಗೆ ಮರಳುತ್ತಿದ್ದ ಹಳೆಯ ಉಭಯಚರ ವಾಹನದೊಳಗೆ ನೀರು ಸೋರಿತು. ಪಂಪುಗಳು ನೀರನ್ನು ಹೊರಹಾಕಲಾರದೆ ಹೋದವು, ಹೊರಗೆ ಬನ್ನಿ ಎಂಬ ಆದೇಶ ತಡವಾಯಿತು, ಮುಳುಗುವ ವಾಹನದಿಂದ ಹೊರಬರುವ ತರಬೇತಿ ಒಳಗಿದ್ದ ಎಲ್ಲರಿಗೂ ಪೂರ್ತಿಯಾಗಿರಲಿಲ್ಲ. ಎಂಟು ಮರೀನ್‌ಗಳು, ಒಬ್ಬ ನಾವಿಕ ಸತ್ತರು. ಒಂದು ಗುಂಡೂ ಹಾರದ ದಿನ ಅದು.

ಭೂಸೇನೆಯ ಬಲ ಇರುವುದು ಇದರಾಚೆಗೆ. ಮರೀನ್‌ಗಳ 60 ದಿನದ ದಾಸ್ತಾನು ಮುಗಿದು 61ನೆಯ ದಿನ ಬಂದಾಗ ಬಂದರು, ರೈಲು, ಇಂಧನ ಕೊಳವೆ, ದೊಡ್ಡ ಆಸ್ಪತ್ರೆ, ಭಾರಿ ಟ್ಯಾಂಕ್ ಡಿವಿಷನ್, ಪೇಟ್ರಿಯಟ್‌ನಂಥ ವಾಯುರಕ್ಷಣಾ ಕ್ಷಿಪಣಿ ಬೇಕಾಗುತ್ತವೆ. ಅಮೆರಿಕದಲ್ಲಿ ಇವೆಲ್ಲ ಇರುವುದು ಭೂಸೇನೆಯ ಬಳಿ. ಇರಾಕ್, ಅಫ್ಘಾನಿಸ್ತಾನಗಳಲ್ಲಿ ಮರೀನ್‌ಗಳು ವರ್ಷಗಟ್ಟಲೆ ನಿಂತಾಗ ಈ ಬೆನ್ನೆಲುಬನ್ನು ನೆಚ್ಚಿಕೊಂಡೇ ನಿಂತರು.

ಯಾರ ಕೈಕೆಳಗೆ ಎಂಬ ನಿಮ್ಮ ಪ್ರಶ್ನೆಗೆ ದೇಶಕ್ಕೊಂದು ಉತ್ತರ. ಅಮೆರಿಕದಲ್ಲಿ ಮರೀನ್ ಕೋರ್ ನೌಕಾ ಇಲಾಖೆಯ ಒಳಗಿದ್ದರೂ ಪ್ರತ್ಯೇಕ ಸೇನೆ. ಕನಿಷ್ಠ ಮೂರು ಡಿವಿಷನ್, ಮೂರು ವಿಮಾನ ವಿಭಾಗ ಇರಲೇಬೇಕೆಂದು 1952ರಲ್ಲೇ ಕಾನೂನು ಮಾಡಿದರು, ಯಾರೂ ಅದನ್ನು ಸುಮ್ಮನೆ ಮುಚ್ಚಲಾಗದಂತೆ. ಬ್ರಿಟನ್ನಿನ ರಾಯಲ್ ಮರೀನ್ಸ್ 1664ರಷ್ಟು ಹಳೆಯದು, ನೌಕಾಪಡೆಯ ಅಂಗ, ಬಹಳ ಚಿಕ್ಕದು. ಅಲ್ಲಿನ ಹೋರಾಟದ ಮರೀನ್‌ಗಳು ಮಾತ್ರ ಕಮಾಂಡೋ ತರಬೇತಿ ಮುಗಿಸಲೇಬೇಕು. ಕೊನೆಯ ಪರೀಕ್ಷೆ ಡಾರ್ಟ್‌ಮೂರ್ ಬಯಲಲ್ಲಿ ಎಂಟು ಗಂಟೆಯೊಳಗೆ 30 ಮೈಲಿ. ಫ್ರಾನ್ಸ್‌ನ ಟ್ರೂಪ್ ದ ಮರೀನ್ ಹೆಸರಲ್ಲಿ ಕಡಲಿದ್ದರೂ ಭೂಸೇನೆಗೆ ಸೇರಿದ್ದು. ಜಪಾನ್ 2018ರಲ್ಲಿ ಕಟ್ಟಿದ ಉಭಯಚರ ಬ್ರಿಗೇಡ್ ಕೂಡ ಅಲ್ಲಿನ ಭೂಪಡೆಯದು. ಚೀನಾ ಎರಡನ್ನೂ ಇಟ್ಟುಕೊಂಡಿದೆ: ನೌಕಾಪಡೆಯ ಕೈಕೆಳಗೆ ಮರೀನ್ ಬ್ರಿಗೇಡ್‌ಗಳು, ಭೂಸೇನೆಯ ಕೈಕೆಳಗೆ ಉಭಯಚರ ಬ್ರಿಗೇಡ್‌ಗಳು.

ಭಾರತಕ್ಕೆ ಮರೀನ್ ಕೋರ್ ಇಲ್ಲ. ಕಡಲಿನಿಂದ ಇಳಿಯುವ ಕೆಲಸಕ್ಕೆಂದು ಭೂಸೇನೆಯ ಕೆಲವು ಬ್ರಿಗೇಡ್‌ಗಳಿವೆ: ತಿರುವನಂತಪುರದ 91ನೇ ಇನ್ಫೆಂಟ್ರಿ ಬ್ರಿಗೇಡ್, ಅಂಡಮಾನ್‌ನ ಶ್ರೀ ವಿಜಯಪುರಂನಲ್ಲಿರುವ (ಹಿಂದಿನ ಪೋರ್ಟ್ ಬ್ಲೇರ್) 108ನೇ ಮೌಂಟನ್ ಬ್ರಿಗೇಡ್ ಮುಂತಾದವು. ಅವರನ್ನು ಸಾಗಿಸುವ ಹಡಗುಗಳು ನೌಕಾಪಡೆಯವು. ಅಮೆರಿಕದಿಂದ ಕೊಂಡು 2007ರಲ್ಲಿ ಸೇವೆಗೆ ಸೇರಿಸಿದ ಐಎನ್‌ಎಸ್ ಜಲಾಶ್ವ ಅವುಗಳಲ್ಲಿ ದೊಡ್ಡದು. ಅದರ ಹಿಂಭಾಗಕ್ಕೆ ನೀರು ತುಂಬಿಸಿ ತಗ್ಗಿಸಿದರೆ ಒಳಗಿರುವ ಇಳಿದಾಣದ ದೋಣಿಗಳು ತೇಲಿಕೊಂಡೇ ಹೊರಡುತ್ತವೆ. 2020ರ ಮೇನಲ್ಲಿ, ಕೊರೊನಾ ಕಾಲದಲ್ಲಿ, ಮಾಲ್ಡೀವ್ಸ್‌ನಿಂದ 698 ಭಾರತೀಯರನ್ನು ಕೊಚ್ಚಿಗೆ ತಂದದ್ದು ಇದೇ ಹಡಗು. ಟ್ಯಾಂಕ್ ಇಳಿಸುವ ಹಡಗುಗಳು, ಕೋಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಕಟ್ಟಿದ ಎಂಟು ಸಣ್ಣ ಇಳಿದಾಣದ ಹಡಗುಗಳು ಉಳಿದ ಸಾಧನ.

ನಮ್ಮ ವ್ಯವಸ್ಥೆಯ ದೌರ್ಬಲ್ಯ ಒಂದೇ: ಕಾಲಾಳು ಬೆಟಾಲಿಯನ್‌ಗಳು ಕೆಲವು ವರ್ಷಕ್ಕೊಮ್ಮೆ ಬದಲಾಗುತ್ತವೆ. ಹಡಗಿನ ಒಡನಾಟ ಕೈಹತ್ತುವ ಹೊತ್ತಿಗೆ ಬೆಟಾಲಿಯನ್ ರಾಜಸ್ಥಾನಕ್ಕೋ ಕಾಶ್ಮೀರಕ್ಕೋ ಹೊರಟಿರುತ್ತದೆ. ಹಿಮಾಲಯದ ಗಡಿ ಕಾಯಬೇಕಾದ ದೇಶ ಇನ್ನೊಂದು ಪೂರ್ತಿ ಸೇನೆ ಸಾಕಲಾರದು ಎಂಬುದನ್ನು ಒಪ್ಪುತ್ತೇನೆ. ಆದರೆ ಒಂದು ಬ್ರಿಗೇಡನ್ನಾದರೂ ಖಾಯಂ ಆಗಿ ಕಡಲಿಗೇ ಮೀಸಲಿಟ್ಟು, ಅದೇ ಹಡಗುಗಳ ಜೊತೆ ವರ್ಷವರ್ಷವೂ ತಾಲೀಮು ಮಾಡಿಸಿದರೆ ಕಾಕ್ಸ್ ಬಜಾರ್ ಮರುಕಳಿಸದು.

ಕಾರವಾರದ ಐಎನ್‌ಎಸ್ ಕದಂಬದಲ್ಲಿ ನೀವು ನೋಡುವವರು ನೌಕಾಪಡೆಯ ನಾವಿಕರು, ಅಧಿಕಾರಿಗಳು, ಮರೀನ್‌ಗಳಲ್ಲ. 1987ರಲ್ಲಿ ಕಟ್ಟಿದ ಮಾರ್ಕೋಸ್ ನೌಕಾಪಡೆಯ ಕಮಾಂಡೋ ಪಡೆ. ದಡ ಹಿಡಿದು ನಿಲ್ಲುವುದು ಅವರ ಕೆಲಸವಲ್ಲ. ಗುಟ್ಟಾಗಿ ದಡ ನೋಡಿ ಬರುವುದು, ಅಪಹರಣವಾದ ಹಡಗು ಹತ್ತುವುದು, ಒತ್ತೆಯಾಳುಗಳನ್ನು ಬಿಡಿಸುವುದು ಅವರ ಕೆಲಸ. 26/11ರ ನಂತರ ಕಟ್ಟಿದ ಸಾಗರ ಪ್ರಹರಿ ಬಲ ನೌಕಾನೆಲೆಗಳ ಸುತ್ತಲಿನ ನೀರನ್ನು ಕಾಯುತ್ತದೆ.

ಇನ್ನು ನಿಮ್ಮ ಮಗನ ವಿಷಯ. ಭಾರತದಲ್ಲಿ ಮರೀನ್ ಎಂಬ ಹೆಸರಿನ ಸೈನಿಕ ನೇಮಕಾತಿಯೇ ಇಲ್ಲ. ಜಾಹೀರಾತುಗಳಲ್ಲಿ ಕಾಣುವ ಮರೀನ್ ಎಂಜಿನಿಯರಿಂಗ್ ಕೋರ್ಸುಗಳು ಸರಕು ಹಡಗಿನ ಎಂಜಿನ್ ಕೋಣೆಯ ಕೆಲಸಕ್ಕೆ. ಶುಲ್ಕ ಕಟ್ಟುವ ಮುನ್ನ ಇದು ತಿಳಿದಿರಲಿ. ಮಾರ್ಕೋಸ್‌ಗೆ ಹೊರಗಿನಿಂದ ನೇರವಾಗಿ ಸೇರಿಸಿಕೊಳ್ಳುವುದಿಲ್ಲ, ನೌಕಾಪಡೆಯಲ್ಲಿ ಈಗಾಗಲೇ ಇರುವವರಲ್ಲಿ ಸ್ವಇಚ್ಛೆಯಿಂದ ಮುಂದೆ ಬಂದವರನ್ನು ಆರಿಸುತ್ತಾರೆ. ಆದ್ದರಿಂದ ಮೊದಲ ಮೆಟ್ಟಿಲು ನೌಕಾಪಡೆ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಇರುವ ಪಿಯುಸಿ ಮಾಡುತ್ತಿದ್ದರೆ, ಅಧಿಕಾರಿಯಾಗಲು ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಗೂ, ನಾವಿಕನಾಗಲು ಅಗ್ನಿವೀರ್ ಎಸ್‌ಎಸ್‌ಆರ್ ನೇಮಕಾತಿಗೂ ದಾರಿ ಇದೆ. ಈಗಿಂದಲೇ ದಿನಕ್ಕೊಂದು ಗಂಟೆ ಈಜಲಿ, ಓಡಲಿ. ಕಣ್ಣಿನ ದೃಷ್ಟಿ ಮತ್ತು ಬಣ್ಣ ಗುರುತಿಸುವ ಪರೀಕ್ಷೆಯನ್ನು ಈ ವರ್ಷವೇ ಮಾಡಿಸಿ. ತಯಾರಿಯೆಲ್ಲ ಮುಗಿದ ಮೇಲೆ ವೈದ್ಯಕೀಯ ಪರೀಕ್ಷೆಯಲ್ಲಿ ಅದೇ ಕಾರಣಕ್ಕೆ ವಾಪಸು ಬರುವ ಹುಡುಗರು ಕಡಿಮೆಯಿಲ್ಲ.